ಒಂದು ಮಾರು ತಂತಿಗೆ 1,850 ರೂಪಾಯಿ: ತುಮಕೂರಿನಲ್ಲಿ ಕೊಂಡ ಸೀರಿಯಲ್ ಕೇಬಲ್ಲಿನ ವಿಮರ್ಶೆ

ತುಮಕೂರಿನ ಎಂ.ಜಿ. ರಸ್ತೆಗೆ ಅಂಟಿಕೊಂಡ ಗಲ್ಲಿಯೊಂದರ ಅಂಗಡಿಯಲ್ಲಿ ಕಳೆದ ತಿಂಗಳು ನಾನು ಒಂದು ಯುಎಸ್‌ಬಿ-ಸೀರಿಯಲ್ ಕೇಬಲ್ ಕೊಂಡೆ. ಸೀರಿಯಲ್ ಎಂದರೆ ಬಿಟ್ಟುಗಳನ್ನು ಒಂದರ ಹಿಂದೆ ಒಂದರಂತೆ ಕಳಿಸುವ ಹಳೆಯ ಕಾಲದ ಸಂಪರ್ಕ. ಎಫ್‌ಟಿಡಿಐ ಕಂಪನಿಯ ಎಫ್‌ಟಿ232ಆರ್ ಚಿಪ್ ಇರುವ, ಸುಮಾರು ಒಂದು ಮಾರು ಉದ್ದದ, ಒಂದು ತುದಿಗೆ ಯುಎಸ್‌ಬಿ, ಇನ್ನೊಂದು ತುದಿಗೆ ಒಂಬತ್ತು ಪಿನ್ನಿನ ಡಿಬಿ-9 ಇರುವ ಕಪ್ಪು ಕೇಬಲ್ ಅದು. ಬೆಲೆ ಶೇ 18ರ ಜಿಎಸ್‌ಟಿ ಸೇರಿ 1,850 ರೂಪಾಯಿ. ನೋಡುವುದಕ್ಕೆ ಹೀಗೆಯೇ ಇರುವ ಕೇಬಲ್ಲುಗಳು ಆನ್‌ಲೈನಿನಲ್ಲಿ ಇನ್ನೂರೈವತ್ತು, ಮುನ್ನೂರಕ್ಕೆ ಸಿಗುತ್ತವೆ. ಅಂಥದ್ದೊಂದು ನನ್ನ ಬಳಿ ನಾಲ್ಕು ವರ್ಷದಿಂದ ಇತ್ತು, ಅದರ ಮೇಲೆ ನಂಬಿಕೆಯೂ ಇತ್ತು. ಆ ನಂಬಿಕೆ ಹೇಗೆ ಹೋಯಿತು, ಆರು ಪಟ್ಟು ಹೆಚ್ಚು ಕೊಟ್ಟಿದ್ದಕ್ಕೆ ಏನು ಸಿಕ್ಕಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನೆಟ್‌ವರ್ಕ್ ಸ್ವಿಚ್ಚಿಗೆ ಐಪಿ ವಿಳಾಸ ಕೊಡುವಷ್ಟೇ ಕೆಲಸ ಇರುವವರಿಗೆ ಇಷ್ಟು ವಿವರ ಬೇಕಾಗಲಿಕ್ಕಿಲ್ಲ. ಸರ್ವರಿನ ಡಿಸ್ಕ್ ಪೆಟ್ಟಿಗೆಗೋ ರೇಡ್ (ಒಂದು ಡಿಸ್ಕ್ ಹೋದರೂ ಮಾಹಿತಿ ಉಳಿಯುವಂತೆ ಹಲವು ಡಿಸ್ಕುಗಳನ್ನು ಜೋಡಿಸುವ) ಕಂಟ್ರೋಲರಿಗೋ ಸೀರಿಯಲ್ ದಾರಿಯಲ್ಲಿ ಫರ್ಮ್‌ವೇರ್, ಅಂದರೆ ಯಂತ್ರದ ಚಿಪ್ಪಿನೊಳಗೇ ಇರುವ ತಂತ್ರಾಂಶ, ಏರಿಸಬೇಕಾದವರಿಗೆ ಬೇಕಾದೀತು.

ನಮ್ಮದು ಬಟವಾಡಿ ಕಡೆಯ ಒಂದು ಸಣ್ಣ ಕಚೇರಿ. ಹಳೆಯ ಕಡತ, ನಕ್ಷೆ, ಲೆಕ್ಕದ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಜೋಪಾನವಾಗಿ ಇಟ್ಟುಕೊಡುವುದು ನಮ್ಮ ಕಸುಬು. ಆ ಚಿತ್ರಗಳೆಲ್ಲ ಇರುವುದು ಒಂದು ಸರ್ವರ್ ಮತ್ತು ಅದಕ್ಕೆ ಎಸ್‌ಎಎಸ್ (ಸರ್ವರ್ ಡಿಸ್ಕುಗಳ ವೇಗದ ಸಂಪರ್ಕ) ಕೇಬಲ್ಲಿನಿಂದ ಜೋಡಿಸಿದ ಹನ್ನೆರಡು ಡಿಸ್ಕಿನ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಆಗಿ ಬಂದದ್ದು. ತಯಾರಕರ ಹೆಸರು ಇಲ್ಲಿ ಬೇಡ. ಹಳೆಯ ಡಿಸ್ಕುಗಳ ಜಾಗಕ್ಕೆ 16 ಟಿಬಿಯ ಹೊಸ ಡಿಸ್ಕುಗಳನ್ನು ಹಾಕಲು ಹೋದಾಗ ಎರಡನೆಯ ತಟ್ಟೆಯ (ಡಿಸ್ಕ್ ಕೂರುವ ಖಾನೆಯ) ದೀಪ ಹಸಿರಾಗುವುದು, ಹತ್ತು ಸೆಕೆಂಡಿಗೆ ಕೆಂಪಾಗುವುದು, ಮತ್ತೆ ಹಸಿರಾಗುವುದು ಶುರುವಾಯಿತು. ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದರೆ ಯಾವ ತೊಂದರೆಯೂ ಇಲ್ಲ. ಪೆಟ್ಟಿಗೆಯೊಳಗಿನ ಎಕ್ಸ್‌ಪ್ಯಾಂಡರಿನ, ಅಂದರೆ ಒಂದು ಸಂಪರ್ಕವನ್ನು ಹನ್ನೆರಡು ಡಿಸ್ಕಿಗೆ ಹಂಚುವ ಚಿಪ್ಪಿನ, ಫರ್ಮ್‌ವೇರ್ ಹಳೆಯದಾಗಿತ್ತು. ದೊಡ್ಡ ಡಿಸ್ಕುಗಳೊಂದಿಗೆ ಹೊಂದಿಕೊಳ್ಳದ ದೋಷವನ್ನು ಸರಿಪಡಿಸಿದ ಹೊಸ ಆವೃತ್ತಿ ತಯಾರಕರ ಬಳಿ ಇತ್ತು.

ಫರ್ಮ್‌ವೇರ್ ಬದಲಾಯಿಸುವುದೆಂದರೆ ಬಹಳ ಜನ ಹಿಂಜರಿಯುತ್ತಾರೆ. ಓಡುತ್ತಿರುವ ಗಾಡಿಯ ಎಂಜಿನ್ ಬಿಚ್ಚುವುದೇಕೆ ಎಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಬದಲಾಯಿಸದೆ ಇರುವುದಕ್ಕೂ ಬೆಲೆ ತೆರಬೇಕಾದ ಸಂದರ್ಭಗಳಿವೆ. 2019ರ ನವೆಂಬರಿನಲ್ಲಿ ಎಚ್‌ಪಿಇ ಕಂಪನಿ ತನ್ನ ಕೆಲವು ಎಸ್‌ಎಸ್‌ಡಿಗಳು 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಓಡಿದ ಕೂಡಲೇ ಮಾಹಿತಿಸಮೇತ ಕೈಕೊಡುತ್ತವೆ, ಅದಕ್ಕೆ ಮುಂಚೆ ಫರ್ಮ್‌ವೇರ್ ಬದಲಾಯಿಸಿ ಎಂದು ಎಚ್ಚರಿಸಿತ್ತು. ಒಂದೇ ದಿನ ಚಾಲೂ ಆದ ಡಿಸ್ಕುಗಳು ಒಂದೇ ದಿನ ನಿಲ್ಲುವಂಥ ದೋಷವಾದ್ದರಿಂದ ರೇಡ್ ಇದ್ದೂ ಪ್ರಯೋಜನವಿರಲಿಲ್ಲ. ನಮ್ಮ ಪೆಟ್ಟಿಗೆಯ ಕಷ್ಟ ಅಷ್ಟು ದೊಡ್ಡದಲ್ಲ, ಆದರೂ ಹೊಸ ಡಿಸ್ಕು ಬೇಕೆಂದರೆ ಬೇರೆ ದಾರಿ ಇರಲಿಲ್ಲ.

ಡಿಸ್ಕ್ ಪೆಟ್ಟಿಗೆಗೆ ಫರ್ಮ್‌ವೇರ್ ತಲುಪಿಸಲು ಎರಡು ದಾರಿಗಳಿರುತ್ತವೆ. ಸರ್ವರಿನಿಂದಲೇ ಎಸ್‌ಎಎಸ್ ಕೇಬಲ್ಲಿನ ಮೂಲಕ ಆದೇಶ ಕೊಟ್ಟು ಬರೆಯಿಸುವುದು ಒಂದು. ಲಿನಕ್ಸಿನಲ್ಲಿ ಅದಕ್ಕೆ ಎಸ್‌ಜಿ3-ಯುಟಿಲ್ಸ್ ಎಂಬ ಉಪಕರಣಗಳ ಗುಂಪು ಇದೆ. ಪೆಟ್ಟಿಗೆಯ ಹಿಂಬದಿಯ ಸೀರಿಯಲ್ ಪೋರ್ಟಿಗೆ ಲ್ಯಾಪ್‌ಟಾಪ್ ಕಟ್ಟಿ ನೇರವಾಗಿ ಕಳಿಸುವುದು ಇನ್ನೊಂದು. ಮೊದಲನೆಯದು ಬೇಗ ಮುಗಿಯುತ್ತದೆ. ಎರಡನೆಯದು ನಿಧಾನ, ಆದರೆ ಸರ್ವರ್ ಸತ್ತಿರಲಿ, ಎಸ್‌ಎಎಸ್ ಕಾರ್ಡು ಮುನಿಸಿಕೊಂಡಿರಲಿ, ಪೆಟ್ಟಿಗೆಗೆ ವಿದ್ಯುತ್ ಇದ್ದರೆ ಸಾಕು, ಅದರ ಬೂಟ್‌ಲೋಡರ್, ಅಂದರೆ ಮೊದಲು ಎಚ್ಚರಾಗುವ ಪುಟ್ಟ ತಂತ್ರಾಂಶ, ಸೀರಿಯಲ್ಲಿನಲ್ಲಿ ಮಾತಾಡುತ್ತದೆ. ನಮ್ಮ ಪೆಟ್ಟಿಗೆಯ ಹಳೆಯ ಆವೃತ್ತಿಗೆ ಎರಡನೆಯ ದಾರಿ ಮಾತ್ರ ಗೊತ್ತಿತ್ತು. ಅದರಲ್ಲಿರುವ ಎರಡು ಮಾಡ್ಯೂಲುಗಳಿಗೂ (ಎಕ್ಸ್‌ಪ್ಯಾಂಡರ್ ಕೂತ ಬೋರ್ಡುಗಳಿಗೂ) ಬೇರೆ ಬೇರೆ ಸೀರಿಯಲ್ ಪೋರ್ಟ್, ಎರಡಕ್ಕೂ ಬೇರೆ ಬೇರೆಯಾಗಿಯೇ ಫರ್ಮ್‌ವೇರ್ ಏರಿಸಬೇಕು. ಪೋರ್ಟ್ ಕೂಡ ಡಿಬಿ-9 ಅಲ್ಲ, ಹಳೆಯ ಟೆಲಿಫೋನಿನ ತಂತಿ ಸಿಕ್ಕಿಸುವಂಥ ಆರ್‌ಜೆ-11. ಕೆಲವು ತಯಾರಕರು ಹೆಡ್‌ಫೋನಿನ 3.5 ಮಿಲಿಮೀಟರ್ ತೂತನ್ನೇ ಸೀರಿಯಲ್ ಪೋರ್ಟಾಗಿ ಕೊಟ್ಟಿರುವುದುಂಟು, ಅದಕ್ಕೆ ಹೋಲಿಸಿದರೆ ನಮ್ಮದು ವಾಸಿ.

ಮೊದಲ ಪ್ರಯತ್ನ ಮಾಡಿದ್ದು ಆ ಹಳೆಯ ಅಗ್ಗದ ಕೇಬಲ್ಲಿನಲ್ಲಿ. ಎಲ್ಲ ಚಿತ್ರಗಳ ಪ್ರತಿಯನ್ನು ಹೊರಗಿನ ಡಿಸ್ಕುಗಳಿಗೆ ತೆಗೆದು, ಸರ್ವರ್ ನಿಲ್ಲಿಸಿ, ಸಂಜೆ ಏಳಕ್ಕೆ ಕೂತೆ. ಟರ್ಮಿನಲ್ (ಸೀರಿಯಲ್ಲಿನಲ್ಲಿ ಬಂದದ್ದನ್ನು ತೋರಿಸುವ, ಒತ್ತಿದ್ದನ್ನು ಕಳಿಸುವ ತಂತ್ರಾಂಶ) ತೆರೆದು ಎಂಟರ್ ಒತ್ತಿದ ಕೂಡಲೇ ಪೆಟ್ಟಿಗೆಯ ಕಮಾಂಡ್ ಸಾಲು ಬಂತು. ಆವೃತ್ತಿ ಕೇಳಿದೆ, ಹೇಳಿತು. ಫ್ಯಾನಿನ ವೇಗ, ಉಷ್ಣತೆ ಎಲ್ಲವೂ ಒಂದಕ್ಷರ ಕೆಡದೆ ಮೂಡಿದವು. ಇನ್ನೇನು ಬೇಕು ಎಂದುಕೊಂಡು ಫರ್ಮ್‌ವೇರ್ ಸ್ವೀಕರಿಸುವ ಆದೇಶ ಕೊಟ್ಟೆ. ಪರದೆಯ ಮೇಲೆ ಮೂರು ಮೂರು ಸೆಕೆಂಡಿಗೆ ಒಂದೊಂದು 'ಸಿ' ಅಕ್ಷರ ಬೀಳತೊಡಗಿತು. ನಾನು ಸಿದ್ಧ, ಕಳಿಸು ಎಂದು ಪೆಟ್ಟಿಗೆ ಕರೆಯುವ ರೀತಿ ಅದು. ಕಳಿಸಿದೆ. ಎರಡು ಸಾವಿರ ಬ್ಲಾಕುಗಳ (ಕಡತದ ಸಣ್ಣ ತುಂಡುಗಳ) ತನಕ ಸರಾಗವಾಗಿ ಹೋಗಿ, ಆಮೇಲೆ ಒಂದೇ ಬ್ಲಾಕನ್ನು ಮತ್ತೆ ಮತ್ತೆ ಕಳಿಸಿ, ಹತ್ತನೆಯ ಸಲಕ್ಕೆ ಸೋತು ನಿಂತಿತು. ಇನ್ನೊಂದು ಸಲ ಮಾಡಿದರೆ ಒಂಬೈನೂರರಲ್ಲೇ ನಿಂತಿತು. ಮೂರನೆಯ ಸಲ ಐದು ಸಾವಿರ ದಾಟಿತು. ಪ್ರತಿ ಸಲವೂ ಬೇರೆ ಜಾಗದಲ್ಲಿ ನಿಲ್ಲುತ್ತಿದೆಯೆಂದರೆ ತಪ್ಪು ಕಡತದ್ದಲ್ಲ, ದಾರಿಯದ್ದು ಎಂದು ಅಷ್ಟೊತ್ತಿಗೆ ಹೊಳೆಯಿತು. ಹೊಸ ಪ್ರತಿಯನ್ನು ಬೇರೊಂದು ಜಾಗದಲ್ಲಿ ಬರೆದುಕೊಂಡು, ಪೂರ್ತಿ ಬಂದ ಮೇಲಷ್ಟೇ ಹಳೆಯದರಿಂದ ಹೊಸದಕ್ಕೆ ಹೊರಳುವ ವಿನ್ಯಾಸ ಈ ಪೆಟ್ಟಿಗೆಯದು. ಹಾಗಾಗಿ ಹಳೆಯ ಫರ್ಮ್‌ವೇರಿಗೆ ಏನೂ ಆಗಿರಲಿಲ್ಲ. ಎಲ್ಲ ಪೆಟ್ಟಿಗೆಗಳೂ ಹಾಗಿರುವುದಿಲ್ಲ.

ಮಾರನೆಯ ದಿನ ಅಂಗಡಿಗೆ ಹೋದೆ. ಇಂಥದ್ದಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯೇ ಗತಿ ಎಂದು ತುಮಕೂರಿನವರು ತಿಳಿದಿರುತ್ತಾರೆ, ನಾನೂ ಹಾಗೆಯೇ ತಿಳಿದಿದ್ದೆ. ಎಪ್ಪತ್ತು ಕಿಲೋಮೀಟರ್ ಹೋಗಿ ಬರುವ ಮುಂಚೆ ಇಲ್ಲಿ ಒಮ್ಮೆ ಕೇಳೋಣ ಎಂದು ಹೊಕ್ಕಿದ್ದು. ಅಂಗಡಿಯ ಹೊರಗಿನ ಬೋರ್ಡಿನಲ್ಲಿರುವುದು ಸಿಸಿಟಿವಿ ಕ್ಯಾಮೆರಾಗಳ ಚಿತ್ರ. ಒಳಗೆ ಗೋಡೆಯ ಒಂದು ಮೂಲೆಯ ತುಂಬ ಸೀರಿಯಲ್ ಕೇಬಲ್ಲು, ಡಿಬಿ-9, ಡಿಬಿ-25 ಕನೆಕ್ಟರುಗಳು ತೂಗಿದ್ದವು. ಸೀರಿಯಲ್ ಪೋರ್ಟು ಕಂಪ್ಯೂಟರಿನಿಂದ ಮರೆಯಾಗಿ ಎಷ್ಟೋ ವರ್ಷವಾದ ಮೇಲೂ ಇವನ್ನು ಕೊಳ್ಳುವವರು ಯಾರು ಎಂದರೆ, ಉತ್ತರ ಊರಿನ ಸುತ್ತಲೇ ಇದೆ. ಲಾರಿ ತೂಗುವ ವೇ ಬ್ರಿಡ್ಜುಗಳು, ಮಂಡಿಗಳ ಎಲೆಕ್ಟ್ರಾನಿಕ್ ತಕ್ಕಡಿಗಳು ಇವತ್ತಿಗೂ ಕಂಪ್ಯೂಟರಿಗೆ ತೂಕ ಹೇಳುವುದು ಸೀರಿಯಲ್ಲಿನಲ್ಲಿ. ಅಂತರಸನಹಳ್ಳಿ, ವಸಂತನರಸಾಪುರದ ಕಾರ್ಖಾನೆಗಳ ಹಳೆಯ ಸಿಎನ್‌ಸಿ ಯಂತ್ರಗಳಿಗೆ ಪ್ರೋಗ್ರಾಂ ತುಂಬುವುದೂ ಅದರಲ್ಲೇ. ಎಚ್‌ಎಂಟಿ ಗಡಿಯಾರದ ಕಾರ್ಖಾನೆ ನಡೆದ ಊರಿಗೆ ಇಂಥ ಯಂತ್ರಗಳ ಸಹವಾಸ ಹೊಸದಲ್ಲ. ಸರ್ವರ್ ಕೆಲಸದವರು ಮರೆತ ವಿದ್ಯೆಯನ್ನು ತಕ್ಕಡಿ ರಿಪೇರಿಯವರು ಉಳಿಸಿಕೊಂಡಿದ್ದಾರೆ.

ಅಂಗಡಿಯವರು ನನ್ನ ಹಳೆಯ ಕೇಬಲ್ಲನ್ನು ನೋಡಿ ಮೊದಲು ಏನೂ ಹೇಳಲಿಲ್ಲ. ಅಕ್ಷರವೆಲ್ಲ ಸರಿಯಾಗಿಯೇ ಬರುತ್ತದೆ ಎಂದು ನಾನು ಸಮರ್ಥಿಸಿಕೊಂಡೆ. ಅದಕ್ಕೆ ಅವರು, "ಅಕ್ಷರ ಬಂದ್ರೆ ಆಯ್ತಾ ಸಾರ್? ವೇ ಬ್ರಿಡ್ಜಲ್ಲಿ ಒಂದು ಅಂಕಿ ತಪ್ಪಿದ್ರೆ ಲಾರಿ ತೂಕಾನೇ ಬೇರೆ ಆಗುತ್ತೆ" ಎಂದು ಮಲ್ಟಿಮೀಟರ್ ತೆಗೆದರು. ಕೇಬಲ್ಲನ್ನು ತಮ್ಮ ಕಂಪ್ಯೂಟರಿಗೆ ಹಾಕಿ, ಟರ್ಮಿನಲ್ ತೆರೆದು, ಮೀಟರಿನ ಕಪ್ಪು ಕಡ್ಡಿಯನ್ನು 5ನೇ ಪಿನ್ನಿಗೆ, ಕೆಂಪು ಕಡ್ಡಿಯನ್ನು 3ನೇ ಪಿನ್ನಿಗೆ ಹಿಡಿದರು. 5 ಅಂದರೆ ನೆಲ (ಗ್ರೌಂಡ್), 3 ಅಂದರೆ ಕಂಪ್ಯೂಟರ್ ಮಾತಾಡುವ ಪಿನ್ನು. ಮೀಟರ್ ತೋರಿಸಿದ್ದು ಹೆಚ್ಚುಕಡಿಮೆ ಸೊನ್ನೆ. ಆಮೇಲೆ ಗೋಡೆಯಿಂದ ಹೊಸ ಕೇಬಲ್ ಬಿಚ್ಚಿ ಅದಕ್ಕೂ ಹಾಗೆಯೇ ಹಿಡಿದಾಗ ಬಂದದ್ದು ಮೈನಸ್ 6.1 ವೋಲ್ಟ್.

ಈ ಎರಡು ಅಂಕಿಗಳಲ್ಲಿ ಇಡೀ ಕಥೆ ಇದೆ. ಆರ್‌ಎಸ್-232 ಎಂಬುದು 1960ರಲ್ಲಿ ಬಂದ ಮಾನದಂಡ. ಅದರ ಪ್ರಕಾರ ತಂತಿಯ ಮೇಲೆ ಮೈನಸ್ 3ರಿಂದ ಮೈನಸ್ 15 ವೋಲ್ಟ್ ಇದ್ದರೆ ಒಂದು, ಪ್ಲಸ್ 3ರಿಂದ ಪ್ಲಸ್ 15 ಇದ್ದರೆ ಸೊನ್ನೆ, ನಡುವಿನದಕ್ಕೆ ಅರ್ಥವಿಲ್ಲ. ಸುಮ್ಮನಿರುವಾಗ ತಂತಿ ಮೈನಸ್ಸಿನಲ್ಲಿ ನಿಂತಿರಬೇಕು. ಯುಎಸ್‌ಬಿಯ 5 ವೋಲ್ಟಿನಿಂದ ಈ ಪ್ಲಸ್ಸು ಮೈನಸ್ಸುಗಳನ್ನು ಮಾಡಿಕೊಡಲು ಕೇಬಲ್ಲಿನೊಳಗೆ ಇನ್ನೊಂದು ಚಿಪ್ ಇರಬೇಕು. ಅಗ್ಗದ ಕೇಬಲ್ಲುಗಳಲ್ಲಿ ಎಷ್ಟೋ ಸಲ ಆ ಚಿಪ್ಪನ್ನೇ ಬಿಟ್ಟು, ಸಂಕೇತವನ್ನು ತಲೆಕೆಳಗು ಮಾಡಿ ಸೊನ್ನೆ ಮತ್ತು 5 ವೋಲ್ಟಿನಲ್ಲೇ ಕಳಿಸುತ್ತಾರೆ. ಸ್ವೀಕರಿಸುವ ಚಿಪ್ಪುಗಳು ಸಾಮಾನ್ಯವಾಗಿ ಒಂದೂವರೆ ವೋಲ್ಟಿನ ಆಚೀಚೆ ಗೆರೆ ಎಳೆದುಕೊಂಡಿರುವುದರಿಂದ ಸೊನ್ನೆಯನ್ನೂ ಮೈನಸ್ ಎಂದೇ ತಿಳಿದು ಹೊಂದಿಕೊಂಡು ಹೋಗುತ್ತವೆ. ಅಂದರೆ ಅಗ್ಗದ ಕೇಬಲ್ ನಾಲ್ಕು ವರ್ಷ ನಡೆದದ್ದು ಎದುರಿನ ಯಂತ್ರದ ಔದಾರ್ಯದಿಂದ. ಸೆಕೆಂಡಿಗೆ 9,600 ಬಿಟ್ಟುಗಳ ವೇಗದಲ್ಲಿ ನಾಲ್ಕು ಸಾಲು ಓದುವಾಗ ಆ ಔದಾರ್ಯ ಸಾಕು. 1,15,200 ವೇಗದಲ್ಲಿ, ಫ್ಯಾನುಗಳು ಗಿರ್ರೆನ್ನುವ ರ‍್ಯಾಕಿನ ಹಿಂದೆ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಬೈಟುಗಳನ್ನು ಸಾಗಿಸುವಾಗ ಸಾಲದು.

ಒಂದು ಮಾತನ್ನು ಇಲ್ಲೇ ಹೇಳಬೇಕು. ಕೇಬಲ್ ಪರೀಕ್ಷೆಗೆ 2 ಮತ್ತು 3ನೇ ಪಿನ್ನುಗಳನ್ನು ತಂತಿಯಿಂದ ಜೋಡಿಸಿ, ಒತ್ತಿದ ಅಕ್ಷರ ವಾಪಸ್ ಬರುತ್ತದೆಯೇ ಎಂದು ನೋಡುವ ಲೂಪ್‌ಬ್ಯಾಕ್ ಪರೀಕ್ಷೆ ಜನಪ್ರಿಯ. ನನ್ನ ಹಳೆಯ ಕೇಬಲ್ ಅದರಲ್ಲಿ ನೂರಕ್ಕೆ ನೂರು ತೆಗೆದುಕೊಂಡಿತು. ತಾನೇ ಆಡಿದ್ದನ್ನು ತಾನೇ ಕೇಳಿಸಿಕೊಳ್ಳುವವನಿಗೆ ತನ್ನ ದನಿ ಸಣ್ಣದೆಂದು ತಿಳಿಯುವುದಿಲ್ಲ. ಮೀಟರ್ ಹಿಡಿಯದೆ ಈ ದೋಷ ಸಿಗುವುದಿಲ್ಲ.

ಇನ್ನು ಫರ್ಮ್‌ವೇರ್ ಕಡತವನ್ನು ಪೆಟ್ಟಿಗೆಗೆ ಒಯ್ಯುವ ಎಕ್ಸ್‌ಮೋಡೆಮ್ ಎಂಬ ಸಾಗಾಟದ ಕ್ರಮ. 1977ರಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಎಂಬ ಅಮೆರಿಕದ ಪ್ರೋಗ್ರಾಮರ್ ಬರೆದದ್ದು, ಇಂದಿಗೂ ಸರ್ವರ್ ಸಾಮಾನುಗಳ ಬೂಟ್‌ಲೋಡರುಗಳಲ್ಲಿ ಉಳಿದಿದೆ. ಕಡತವನ್ನು 128 ಬೈಟುಗಳ ಬ್ಲಾಕುಗಳಾಗಿ ಕತ್ತರಿಸಿ, ಒಂದೊಂದಕ್ಕೂ ಕ್ರಮಸಂಖ್ಯೆ ಮತ್ತು ತಾಳೆ ನೋಡುವ ಅಂಕಿ ಸೇರಿಸಿ ಕಳಿಸುವುದು, ಎದುರಿನವನು 'ಮುಟ್ಟಿತು' ಎಂದರೆ ಮುಂದಿನದು, 'ಕೆಟ್ಟಿದೆ' ಎಂದರೆ ಅದೇ ಮತ್ತೊಮ್ಮೆ. ತಾಳೆ ನೋಡುವುದರಲ್ಲಿ ಎರಡು ಬಗೆ ಇವೆ. ಹಳೆಯದು ಬೈಟುಗಳನ್ನೆಲ್ಲ ಕೂಡಿ ಬಂದ ಮೊತ್ತದ ಕೊನೆಯ ಒಂದು ಬೈಟನ್ನು ಮಾತ್ರ ಕಳಿಸುವ ಚೆಕ್‌ಸಮ್. ಒಂದು ಕಡೆ ಹೆಚ್ಚಾಗಿ ಇನ್ನೊಂದು ಕಡೆ ಅಷ್ಟೇ ಕಡಿಮೆಯಾದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಆಮೇಲೆ ಬಂದದ್ದು ಅಂಥ ತಪ್ಪುಗಳನ್ನೂ ಬಹುಪಾಲು ಹಿಡಿಯುವ 16 ಬಿಟ್ಟಿನ ಸಿಆರ್‌ಸಿ. ಪರದೆಯ ಮೇಲೆ 'ಸಿ' ಬೀಳುತ್ತಿದೆಯೆಂದರೆ ಪೆಟ್ಟಿಗೆ ಸಿಆರ್‌ಸಿ ಕೇಳುತ್ತಿದೆ ಎಂದು ಅರ್ಥ, ಆಗ ಟರ್ಮಿನಲ್ಲಿನಲ್ಲೂ ಅದನ್ನೇ ಆರಿಸಬೇಕು. ಅಗ್ಗದ ಕೇಬಲ್ಲಿನ ತಪ್ಪುಗಳು ನಮ್ಮಲ್ಲಿ ಬ್ಲಾಕಿನ ಹಂತದಲ್ಲೇ ಸಿಕ್ಕಿಬಿದ್ದದ್ದು ಇದರಿಂದ.

ಹೊಸ ಕೇಬಲ್ಲಿನ ಬಗ್ಗೆ ನನಗಿರುವ ಮುಖ್ಯ ತಕರಾರು ಇಲ್ಲಿ ಬರುತ್ತದೆ, ಅದಕ್ಕೆ ಪರಿಹಾರವೂ ಇದೆ. ಎಫ್‌ಟಿ232ಆರ್ ಚಿಪ್ ತನಗೆ ಬಂದ ಬೈಟುಗಳನ್ನು ಕೂಡಲೇ ಕಂಪ್ಯೂಟರಿಗೆ ದಾಟಿಸುವುದಿಲ್ಲ. ಒಂದಷ್ಟು ಸೇರಲಿ ಎಂದು ಕಾದು, ಸೇರದಿದ್ದರೆ 16 ಮಿಲಿಸೆಕೆಂಡಾದ ಮೇಲೆ ಇದ್ದಷ್ಟನ್ನು ಕೊಡುತ್ತದೆ. ಇದಕ್ಕೆ ಲೇಟೆನ್ಸಿ ಟೈಮರ್ ಎಂದು ಹೆಸರು. ಪ್ರಯಾಣಿಕರು ತುಂಬಲಿ ಎಂದು ಸ್ಟ್ಯಾಂಡಿನಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡು ನಿಲ್ಲುವ ಖಾಸಗಿ ಬಸ್ಸಿನ ಲೆಕ್ಕ. ಹೆಚ್ಚಿನ ಕೆಲಸಗಳಿಗೆ ಇದರಿಂದ ತೊಂದರೆಯಿಲ್ಲ, ಆದರೆ ಎಕ್ಸ್‌ಮೋಡೆಮಿನಲ್ಲಿ ಎದುರಿನ ಉತ್ತರ ಒಂದೇ ಒಂದು ಬೈಟು. ಆ ಒಬ್ಬ ಪ್ರಯಾಣಿಕನಿಗಾಗಿ ಬಸ್ಸು ಪ್ರತಿ ಸಲವೂ ಸಮಯ ಮುಗಿಯುವ ತನಕ ನಿಂತೇ ಹೊರಡುತ್ತದೆ. ಲೆಕ್ಕ ಹಾಕಿದರೆ ವ್ಯತ್ಯಾಸ ಸಣ್ಣದಲ್ಲ. ನಮ್ಮ ಫರ್ಮ್‌ವೇರ್ ಕಡತ 2 ಎಂಬಿ, ಅಂದರೆ 16,384 ಬ್ಲಾಕುಗಳು. ತಲೆಬಾಲ ಸೇರಿ 133 ಬೈಟಿನ ಒಂದು ಬ್ಲಾಕು 1,15,200 ವೇಗದಲ್ಲಿ ಸಾಗಲು ಬೇಕಾಗುವುದು ಹನ್ನೊಂದೂವರೆ ಮಿಲಿಸೆಕೆಂಡು. ಕಾಯುವುದಕ್ಕೇ 16 ಹೋದರೆ ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚಾಯಿತು: ಮೂರು ಚಿಲ್ಲರೆ ನಿಮಿಷದ ಕೆಲಸ ಏಳೂವರೆ ನಿಮಿಷದವರೆಗೆ ಹಿಗ್ಗುತ್ತದೆ. ವಿಂಡೋಸಿನಲ್ಲಿ ಡಿವೈಸ್ ಮ್ಯಾನೇಜರಿಗೆ ಹೋಗಿ, ಆ ಪೋರ್ಟಿನ ಅಡ್ವಾನ್ಸ್ಡ್ ಪುಟದಲ್ಲಿ ಈ 16ನ್ನು 1ಕ್ಕೆ ಇಳಿಸಬಹುದು. ಲಿನಕ್ಸಿನಲ್ಲೂ ಒಂದು ಸಾಲಿನ ಕೆಲಸ. ಇದನ್ನು ಕೇಬಲ್ಲಿನ ಡಬ್ಬಿಯ ಮೇಲಾಗಲಿ ಒಳಗಿನ ಚೀಟಿಯಲ್ಲಾಗಲಿ ಎಲ್ಲೂ ಹೇಳಿಲ್ಲ.

ನಮ್ಮ ಪೆಟ್ಟಿಗೆಯಲ್ಲಿ ಎರಡು ಮಾಡ್ಯೂಲುಗಳಿದ್ದದ್ದು ಈ ವಿಷಯದಲ್ಲಿ ಅನುಕೂಲವಾಯಿತು. ಮೊದಲನೆಯದಕ್ಕೆ ಟೈಮರ್ ಮುಟ್ಟದೆ ಏರಿಸಿದೆ: 7 ನಿಮಿಷ 10 ಸೆಕೆಂಡು. ಎರಡನೆಯದಕ್ಕೆ 1 ಮಿಲಿಸೆಕೆಂಡಿಗೆ ಇಳಿಸಿ ಏರಿಸಿದೆ: 3 ನಿಮಿಷ 50 ಸೆಕೆಂಡು. ಎರಡು ಸಲವೂ ಮರುಕಳಿಸಿದ ಬ್ಲಾಕು ಒಂದೂ ಇಲ್ಲ. ಅದೇ ಪೆಟ್ಟಿಗೆ, ಅದೇ ಕಡತ, ಅದೇ ಲ್ಯಾಪ್‌ಟಾಪ್. ಮೊದಲ ಪ್ರಯತ್ನಕ್ಕೂ ಇದಕ್ಕೂ ಬದಲಾದದ್ದು ಕೇಬಲ್ ಮತ್ತು ಅದರ ಆರ್‌ಜೆ-11 ಜೋಡಣೆ ಮಾತ್ರ. ವೇಗವನ್ನು 9,600ಕ್ಕೆ ಇಳಿಸಿದ್ದರೆ ಹಳೆಯ ಕೇಬಲ್ಲಿನಲ್ಲೂ ಆಗುತ್ತಿತ್ತೇನೋ ಎಂದು ಒಬ್ಬ ಮಿತ್ರರು ಕೇಳಿದರು. ಆಗಬಹುದಿತ್ತು, ಆದರೆ ಒಂದೊಂದು ಮಾಡ್ಯೂಲಿಗೆ ಮೂವತ್ತೆಂಟು ನಿಮಿಷ ಬೇಕಾಗುತ್ತಿತ್ತು, ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಕೂರುವ ಶಕ್ತಿ ನನಗಿಲ್ಲ. ಜೊತೆಗೆ ಈ ಪೆಟ್ಟಿಗೆಯ ಬೂಟ್‌ಲೋಡರಿನಲ್ಲಿ ವೇಗ ಬದಲಾಯಿಸುವ ಅವಕಾಶವೇ ಇಲ್ಲ.

ಕೇಬಲ್ಲಿನ ಬೇರೆ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಯುಎಸ್‌ಬಿ ತುದಿಯ ಅಚ್ಚು ದಪ್ಪವಾಗಿದ್ದು ಪಕ್ಕದ ಪೋರ್ಟನ್ನು ಮುಚ್ಚುತ್ತದೆ. ಡೇಟಾ ಹೋಗಿ ಬರುವುದನ್ನು ತೋರಿಸುವ ಪುಟ್ಟ ದೀಪಗಳಿಲ್ಲ; ಅಗ್ಗದ ಕೇಬಲ್ಲಿನಲ್ಲಿ ಅವಿದ್ದವು, ಮಿಣುಕುವುದರಲ್ಲಂತೂ ಅದು ಕಡಿಮೆಯಿರಲಿಲ್ಲ. ಡಿಬಿ-9ರ ಎರಡು ಬದಿಯ ತಿರುಪುಗಳು ಬೆರಳಿಗೆ ಸಿಗುವಷ್ಟು ದೊಡ್ಡವಲ್ಲ. ಇವ್ಯಾವುವೂ ಬಹಳ ಕಾಡುವಂಥವಲ್ಲ.

ಇದು ಆರ್‌ಎಸ್-232 ಕೇಬಲ್, ಟಿಟಿಎಲ್ (ಮೈನಸ್ಸಿಲ್ಲದ, ಕಡಿಮೆ ವೋಲ್ಟಿನ ಸೀರಿಯಲ್) ಅಲ್ಲ ಎಂಬುದು ಮಾತ್ರ ನೆನಪಿರಬೇಕು. ಬಿಡಿ ಡಿಸ್ಕುಗಳ ಪಿನ್ನುಗಳಲ್ಲಿ, ಮದರ್‌ಬೋರ್ಡಿನ ಮೇಲಿನ ಕೆಲವು ಪಿನ್ನುಗಳಲ್ಲಿ ಸಿಗುವ ಸೀರಿಯಲ್ 3.3 ವೋಲ್ಟಿನದು. 2009ರ ಆರಂಭದಲ್ಲಿ ಸೀಗೇಟ್ ಬ್ಯಾರಕುಡಾ 7200.11 ಡಿಸ್ಕುಗಳು ಫರ್ಮ್‌ವೇರ್ ದೋಷದಿಂದ ಮಾತು ನಿಲ್ಲಿಸಿದಾಗ ಜನ ಅವುಗಳ ಪಿನ್ನಿಗೆ ತಂತಿ ಹಾಕಿ 38,400 ವೇಗದಲ್ಲಿ ಮಾತಾಡಿಸಿ ಬದುಕಿಸಿಕೊಂಡದ್ದು ಟಿಟಿಎಲ್ ಅಡಾಪ್ಟರಿನಿಂದ. ಈ ಕೇಬಲ್ಲನ್ನು ಅಂಥ ಪಿನ್ನಿಗೆ ನೇರವಾಗಿ ಹಾಕಿದರೆ ಡಿಸ್ಕಿನ ಬೋರ್ಡು ಸುಟ್ಟುಹೋದೀತು. ಅಂಗಡಿಯಲ್ಲಿ ಎರಡೂ ಬಗೆ ಇವೆ, ಎರಡೂ ಒಂದೇ ಮೊಳೆಗೆ ತೂಗುಹಾಕಿವೆ. ಅದನ್ನು ಬೇರೆ ಮಾಡಿಡಿ ಎಂದು ಅವರಿಗೆ ಹೇಳಿ ಬಂದಿದ್ದೇನೆ.

ಚಿಪ್ಪು ಅಸಲಿಯೋ ನಕಲಿಯೋ ಎಂಬ ಪ್ರಶ್ನೆಯೂ ಇದೆ. ಎಫ್‌ಟಿಡಿಐ ಹೆಸರಿನ ನಕಲಿ ಚಿಪ್ಪುಗಳು ಎಷ್ಟು ಹರಡಿದ್ದವೆಂದರೆ, 2014ರಲ್ಲಿ ಆ ಕಂಪನಿಯ ಹೊಸ ಡ್ರೈವರು ವಿಂಡೋಸ್ ಅಪ್‌ಡೇಟಿನ ಜೊತೆ ಬಂದು, ನಕಲಿ ಚಿಪ್ಪು ಕಂಡಲ್ಲೆಲ್ಲ ಅದರ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿಬಿಟ್ಟಿತು. ಕಂಪ್ಯೂಟರಿಗೆ ಕೇಬಲ್ಲಿನ ಗುರುತೇ ಸಿಗದಂತಾಗಿ, ದೊಡ್ಡ ಗಲಾಟೆಯಾದ ಮೇಲೆ ಆ ಡ್ರೈವರನ್ನು ವಾಪಸ್ ಪಡೆದರು. ನಕಲಿ ಮಾಡಿದವನ ತಪ್ಪಿಗೆ ಕೊಂಡವನಿಗೆ ಶಿಕ್ಷೆ ಕೊಟ್ಟದ್ದು ನನಗಿನ್ನೂ ಸರಿಕಂಡಿಲ್ಲ. ಆದರೂ ಫರ್ಮ್‌ವೇರ್ ಬರೆಯುವ ನಡುವೆ ಕೇಬಲ್ ಗುರುತು ಕಳೆದುಕೊಂಡರೆ ಏನಾಗಬಹುದೆಂದು ಯೋಚಿಸಿದವರು ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳುತ್ತಾರೆ.

ಅಂಗಡಿಯ ಕೆಲಸಗಾರಿಕೆಯ ಬಗ್ಗೆ ಒಂದೆರಡು ಮಾತು. ಡಿಬಿ-9ರಿಂದ ಆರ್‌ಜೆ-11ಕ್ಕೆ ಬೇಕಾದ ಜೋಡಣೆ ತಯಾರಾಗಿ ಸಿಗುವುದಿಲ್ಲ, ಅವರೇ ಮಾಡಿಕೊಟ್ಟರು, 220 ರೂಪಾಯಿ. ಪೆಟ್ಟಿಗೆಯ ಕೈಪಿಡಿಯ ಚಿತ್ರವನ್ನು ಫೋನಿನಲ್ಲಿ ತೋರಿಸಿದೆ. ಅರ್ಧ ಗಂಟೆ ಬಿಟ್ಟು ಬನ್ನಿ ಎಂದವರು ಒಂದು ಗಂಟೆ ಮಾಡಿದರು. ಬೆಸುಗೆ ಅಚ್ಚುಕಟ್ಟಾಗಿತ್ತು, ಪ್ರತಿ ಕಾಲಿಗೂ ಕುಗ್ಗುವ ಕೊಳವೆ ತೊಡಿಸಿದ್ದರು. ಆದರೆ ಕಚೇರಿಗೆ ಬಂದು ಹಾಕಿದರೆ ಪೆಟ್ಟಿಗೆ ಮಾತಾಡಲಿಲ್ಲ. ಟೆಲಿಫೋನ್ ತಂತಿಯ ಎರಡು ತುದಿ ಕನ್ನಡಿಯಂತೆ ಅದಲು ಬದಲಾಗುವುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕಳಿಸುವ ತಂತಿ ಕಳಿಸುವುದಕ್ಕೇ, ಕೇಳುವ ತಂತಿ ಕೇಳುವುದಕ್ಕೇ ಸೇರಿಕೊಂಡಿತ್ತು. ಇಬ್ಬರೂ ಮಾತಾಡುತ್ತ ಇಬ್ಬರೂ ಕೇಳಿಸಿಕೊಳ್ಳದ ಸ್ಥಿತಿ. ಆರ್‌ಎಸ್-232ರಲ್ಲಿ ಈ ತಪ್ಪಿನಿಂದ ಏನೂ ಸುಡುವುದಿಲ್ಲ. ಮಾರನೆಯ ದಿನ ತೆಗೆದುಕೊಂಡು ಹೋದಾಗ ಐದು ನಿಮಿಷದಲ್ಲಿ, ದುಡ್ಡು ತೆಗೆದುಕೊಳ್ಳದೆ ತಿದ್ದಿಕೊಟ್ಟರು. ಇನ್ನೊಂದು ಸಲಕ್ಕೆ ಬೇಕಾಗುತ್ತದೆಂದು ಆ ಜೋಡಣೆಯ ಚಿತ್ರವನ್ನು ತಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಂಡದ್ದು ನನಗೆ ಹಿಡಿಸಿತು.

ಈ ಕೇಬಲ್ ಕೊಂಡವರು ತಂತ್ರಾಂಶದಲ್ಲಿ ಎಡವದಿರಲಿ ಎಂದು ಇಷ್ಟು ಹೇಳುತ್ತೇನೆ. ಪುಟ್ಟಿ ಎಂಬ ಜನಪ್ರಿಯ ಟರ್ಮಿನಲ್ಲಿನಲ್ಲಿ ಎಕ್ಸ್‌ಮೋಡೆಮ್ ಇಲ್ಲ, ಹುಡುಕಬೇಡಿ. ವಿಂಡೋಸಿನಲ್ಲಿ ಟೆರಾ ಟರ್ಮ್, ಲಿನಕ್ಸಿನಲ್ಲಿ ಮಿನಿಕಾಮ್ ಮತ್ತು ಅದರ ಜೊತೆಗೆ ಎಕ್ಸ್‌ಮೋಡೆಮ್ ಸಾಗಾಟ ಮಾಡುವ ಎಲ್‌ಆರ್‌ಝಡ್‌ಎಸ್‌ಝಡ್ ಇರಲಿ. ಮಿನಿಕಾಮಿನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಎದುರಿನವನು ಸಿದ್ಧನೇ ಎಂದು ಬೇರೆ ತಂತಿಯಲ್ಲಿ ನೋಡಿಕೊಂಡು ಕಳಿಸುವ ಕ್ರಮ) ಮೊದಲಿನಿಂದಲೇ ಚಾಲೂ ಇರುತ್ತದೆ. ನಮ್ಮಂಥ ಮೂರು ತಂತಿಯ ಜೋಡಣೆಯಲ್ಲಿ ಅದನ್ನು ಆಫ್ ಮಾಡದಿದ್ದರೆ ಪೆಟ್ಟಿಗೆ ಹೇಳುವುದು ಕಾಣುತ್ತದೆ, ನಾವು ಒತ್ತುವುದು ಹೋಗುವುದಿಲ್ಲ. ಸಾಫ್ಟ್‌ವೇರ್ ಫ್ಲೋ ಕಂಟ್ರೋಲನ್ನೂ ಆಫ್ ಮಾಡಬೇಕು. ಅದಿದ್ದರೆ ಫರ್ಮ್‌ವೇರಿನೊಳಗೆ ಸಹಜವಾಗಿ ಬರುವ ಎರಡು ಬೈಟುಗಳನ್ನು 'ನಿಲ್ಲು', 'ಹೊರಡು' ಎಂಬ ಆದೇಶಗಳೆಂದು ತಿಳಿದು ನುಂಗಿಬಿಡುತ್ತದೆ. ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ ನೋಡಿಕೊಂಡು, ಚಾರ್ಜರ್ ಕಿತ್ತು, ಬ್ಯಾಟರಿಯಲ್ಲೇ ಕೂರುವುದು ಒಳ್ಳೆಯದು. ಎರಡು ಪಿನ್ನಿನ ಚಾರ್ಜರ್ ಹಾಕಿದ ಲೋಹದ ಲ್ಯಾಪ್‌ಟಾಪನ್ನು ಮುಟ್ಟಿದರೆ ಜುಮ್ಮೆನ್ನುತ್ತದಲ್ಲ, ಆ ಜುಮ್ಮು ಸೀರಿಯಲ್ ಕೇಬಲ್ಲಿನ ನೆಲದ ತಂತಿಯಲ್ಲೂ ಹರಿಯುತ್ತದೆ. ಪೆಟ್ಟಿಗೆ ಯುಪಿಎಸ್ ಮೇಲಿರಲೇಬೇಕು. ನಾನು ಎರಡನೆಯ ಮಾಡ್ಯೂಲಿನ ಕೆಲಸ ಶುರುಮಾಡುವ ಹತ್ತು ನಿಮಿಷ ಮುಂಚೆ ಕರೆಂಟು ಒಮ್ಮೆ ಹೋಗಿ ಬಂತು; ಯುಪಿಎಸ್ ಕೂಗಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಪೆಟ್ಟಿಗೆಯನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿದ ಮೇಲೆ ಎರಡು ಮಾಡ್ಯೂಲುಗಳೂ ಒಂದೇ ಹೊಸ ಆವೃತ್ತಿ ಹೇಳಿದವು. ಎರಡನೆಯ ತಟ್ಟೆಯ ದೀಪ ಹಸಿರಾಗಿ ಹಾಗೆಯೇ ನಿಂತಿದೆ. ಅಗ್ಗದ ಕೇಬಲ್ಲಿನ ಡಿಬಿ-9 ತುದಿಗೆ 'ಸ್ವಿಚ್ ಮಾತ್ರ' ಎಂದು ಟೇಪು ಹಚ್ಚಿ ಬೇರೆ ಡ್ರಾಯರಿನಲ್ಲಿ ಇಟ್ಟಿದ್ದೇನೆ.

ಅಂಗಡಿಯವರು ಈ ಬಗೆಯ ಕೇಬಲ್ಲನ್ನು ಒಂದು ಸಲಕ್ಕೆ ಎರಡು ಮೂರಕ್ಕಿಂತ ಹೆಚ್ಚು ತರಿಸುವುದಿಲ್ಲ, ಆದ್ದರಿಂದ ಹೋಗುವ ಮುಂಚೆ ವಿಚಾರಿಸಿಕೊಳ್ಳಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಅರ್ಧ ಎಳೆದಿರುತ್ತಾರೆ. ದುಡ್ಡು ಕೊಡುವ ಮುಂಚೆ ಮೀಟರ್ ಹಿಡಿದು ತೋರಿಸಿ ಎಂದರೆ ಬೇಸರಿಸುವುದಿಲ್ಲ.